ಲೈನ್ ಕ್ಲಿಯರ್ ಬರುವ ತನಕ

ರಕ್ತ ಬೆಳಿಗ್ಗೆ ಎಂಟಕ್ಕೇ ಕೊಡಬೇಕು ಅಂದಿದ್ದರು ಡಾಕ್ಟರು. ಅದಕ್ಕಾಗಿ ಹಿಂದಿನ ದಿನವೇ ಪೆನುಕೊಂಡದಲ್ಲಿ ರೈಲು ಹತ್ತಿದೆ. ಹಿಂದೂಪುರ, ಗೌರಿಬಿದನೂರು, ಮಾಕಳಿದುರ್ಗ, ದೊಡ್ಡಬಳ್ಳಾಪುರ: ಮೂವತ್ತೆರಡು ವರ್ಷ ರೈಲ್ವೆಯಲ್ಲಿ ದುಡಿದವನಿಗೆ ಈ ಹೆಸರುಗಳು ಬಾಯಿಪಾಠ. ಯಲಹಂಕದ ಮಗಳ ಮನೆಯಲ್ಲಿ ಮಲಗಿ, ಬೆಳಗಿನ ಮಾತ್ರೆ ಮುಟ್ಟದೆ ಹೋಗಿ ಕೈ ಚಾಚಿದೆ. ಕಾರ್ಟಿಸಾಲ್ ಎಂಬ ಹಾರ್ಮೋನು ಮುಂಜಾನೆ ಏರಿ ನಡುರಾತ್ರಿಗೆ ತಳ ಕಾಣುತ್ತದಂತೆ. ಸಂಜೆ ಅಳೆದು ಕಡಿಮೆ ಬಂತು ಅಂದರೆ ಅದರಿಂದ ಏನೂ ತಿಳಿಯದು. ಮಾತ್ರೆ ನುಂಗಿ ಹೋದರೆ ಇನ್ನೂ ಗೋಜಲು. ನಾನು ನುಂಗುವ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಎಷ್ಟೋ ಸಲ ಪರೀಕ್ಷೆಯ ಕಣ್ಣಿಗೆ ಕಾರ್ಟಿಸಾಲ್ ಥರವೇ ಕಾಣುತ್ತದೆ.

ಇಷ್ಟಕ್ಕೆಲ್ಲ ಮೂಲ ನನ್ನ ಮೊಣಕಾಲು. ಸಂತೆಯಲ್ಲಿ ಒಬ್ಬ ಪೊಟ್ಟಣ ಕಟ್ಟಿಕೊಡುತ್ತಿದ್ದ, ಬರೀ ಬೇರು ನಾರು ಅನ್ನುತ್ತಿದ್ದ. ನಾಲ್ಕನೇ ದಿನಕ್ಕೆ ಬೆಟ್ಟ ಹತ್ತುವಷ್ಟು ಹುರುಪು ಬಂತು. ಬೇರಿಗೆ ಅಷ್ಟು ಅವಸರ ಇರುತ್ತದೆಯೇ ಎಂದು ಆಗಲೇ ಕೇಳಿಕೊಳ್ಳಬೇಕಿತ್ತು. ಒಂದೂವರೆ ವರ್ಷ ತಿಂದೆ. ಹಸಿವು ಹೆಚ್ಚಿತು, ಮುಖ ಪೂರಿ ಥರ ಊದಿತು, ಕೈಕಾಲು ಸಣ್ಣಗಾದವು, ಎಲ್ಲಿ ತಗುಲಿದರೂ ಚರ್ಮ ನೀಲಿಗಟ್ಟುತ್ತಿತ್ತು. ‘ತಾತ ದಪ್ಪ ಆಗಿದ್ದಾರೆ, ಆದರೆ ಹೊಟ್ಟೆ ಮಾತ್ರ’ ಅಂದ ಮೊಮ್ಮಗ. ಆ ಪುಡಿಯಲ್ಲಿ ಸ್ಟೆರಾಯ್ಡ್ ಇರಬಹುದು ಅಂತ ಯಾರೋ ಅಂದದ್ದೇ ತಡ, ಪೊಟ್ಟಣಗಳನ್ನೆಲ್ಲ ಚರಂಡಿಗೆ ಎಸೆದೆ. ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ.

ಮೂರನೇ ದಿನ ವಾಂತಿ ಹತ್ತಿತು. ಎದ್ದು ನಿಂತರೆ ಕಣ್ಣು ಕತ್ತಲು. ಹಿಂದೂಪುರಕ್ಕೆ ಕರೆದೊಯ್ದಾಗ ಬಿಪಿ ಎಂಬತ್ತು, ರಕ್ತದಲ್ಲಿ ಸೋಡಿಯಂ ಇಳಿದಿತ್ತು. ಅಲ್ಲಿನ ಡ್ಯೂಟಿ ಡಾಕ್ಟರಮ್ಮ ಮನೆಯವರನ್ನು ಕೇಳಿದ ಮೊದಲ ಪ್ರಶ್ನೆ: ‘ನೊಪ್ಪುಲಕಿ ಏಮೈನಾ ಪೊಡಿ ತಿನ್ನಾರಾ?’ ನೋವಿಗೆ ಪುಡಿ ಏನಾದರೂ ತಿಂದರಾ ಎಂದು. ಸಲೈನ್ ಜೊತೆಗೆ 100 ಮಿಲಿಗ್ರಾಂ ಹೈಡ್ರೊಕಾರ್ಟಿಸೋನ್ ಸೂಜಿ ಬಿತ್ತು. ಸಂಜೆಗೆ ನಾನು ಕಾಫಿ ಕೇಳಿದೆ. ಮನೆಗೆ ಕಳಿಸುವಾಗ ಪ್ರೆಡ್ನಿಸೊಲೋನ್ ಬರೆದುಕೊಟ್ಟು, ಹಾರ್ಮೋನು ತಜ್ಞರನ್ನು ಕಾಣದೆ ಇದನ್ನು ನಿಲ್ಲಿಸಬೇಡಿ ಅಂದರು.

ಬೆಂಗಳೂರಿನ ತಜ್ಞರ ಹತ್ತಿರ ಯಂತ್ರ ತಂತ್ರ ನಿರೀಕ್ಷಿಸಿದ್ದೆ. ಅವರು ಮುಕ್ಕಾಲು ಗಂಟೆ ಕೇಳಿದ್ದೇ ಕೇಳಿದ್ದು. ತುರಿಕೆಗೆ ಮುಲಾಮು ಹಚ್ಚುತ್ತೀರಾ? ದಮ್ಮಿಗೆ ಪಫ್ ಎಳೆಯುತ್ತೀರಾ? ಮೊಣಕಾಲ ಸಂದಿಗೆ ಸೂಜಿ ಹಾಕಿಸಿದ್ದಿರಾ? ಈ ಬಾಗಿಲುಗಳಿಂದಲೂ ಸ್ಟೆರಾಯ್ಡ್ ಒಳಗೆ ಬರುತ್ತದಂತೆ. ಆಮೇಲೆ ಕುಕ್ಕರಗಾಲಲ್ಲಿ ಕೂರಿಸಿ, ಕೈ ಊರದೆ ಏಳಿ ಅಂದರು. ಏಳಲಾಗಲಿಲ್ಲ. ತೊಡೆಯ ಸ್ನಾಯು ಕರಗಿದ್ದು ನನಗೆ ತಿಳಿದದ್ದು ಆಗಲೇ. ಹೊಟ್ಟೆಯ ಮೇಲಿನ ನೇರಳೆ ಗೆರೆ, ಹೆಗಲ ನಡುವಿನ ಗುಬ್ಬು, ಸಕ್ಕರೆ, ಮೂಳೆಯ ಸಾಂದ್ರತೆ, ಎಲ್ಲವನ್ನೂ ನೋಡಿಸಿದರು.

ನಾನು ರೈಲ್ವೆಯವನು ಅಂದೊಡನೆ ವಿವರಣೆ ಸುಲಭವಾಯಿತು. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಅಡ್ರಿನಲ್ ಗ್ರಂಥಿಗಳಿವೆ. ಮೆದುಳಿನ ತಳದ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಲೈನ್ ಕ್ಲಿಯರ್ ಬಂದರೆ ಮಾತ್ರ ಅಲ್ಲಿಂದ ಕಾರ್ಟಿಸಾಲ್ ಗಾಡಿ ಹೊರಡುತ್ತದೆ. ಹೊರಗಿಂದ ದಿನವೂ ಸ್ಟೆರಾಯ್ಡ್ ಗೂಡ್ಸು ಬಂದು ಲೈನ್ ತುಂಬಿದ್ದರೆ ಮೇಲಿನವರು ಲೈನ್ ಕ್ಲಿಯರ್ ಕೊಡುವುದನ್ನೇ ಬಿಡುತ್ತಾರೆ. ಕೆಲಸವಿಲ್ಲದ ಅಡ್ರಿನಲ್ ಸ್ಟೇಷನ್ನಿನಲ್ಲಿ ಹುಲ್ಲು ಬೆಳೆಯುತ್ತದೆ. ಮೂರ್ನಾಲ್ಕು ವಾರ ಮೀರಿ ತಿಂದವರಿಗೆಲ್ಲ ಈ ಭಯ ಇದೆ. ನಾನು ಮಾಡಿದ್ದು ಇಷ್ಟು: ಸ್ವಂತ ಗಾಡಿ ಹೊರಡುವ ಸ್ಥಿತಿಯಲ್ಲಿಲ್ಲದಾಗ ಗೂಡ್ಸನ್ನು ಒಂದೇ ದಿನಕ್ಕೆ ರದ್ದು ಮಾಡಿದ್ದು.

ಪುಡಿಯವನನ್ನು ಬೈದೆ. ಡಾಕ್ಟರು ಬೈಯಲಿಲ್ಲ. ಔಷಧಿ ಕೆಲಸ ಮಾಡುವುದು ನಿಜ, ತೊಂದರೆ ಅದೇ ಅಂದರು. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್, ಸಂಧಿವಾತದಿಂದ ಹಾಸಿಗೆ ಹಿಡಿದ ಹೆಂಗಸಿಗೆ ಕಾರ್ಟಿಸೋನ್ ಚುಚ್ಚಿದಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ನಡೆದಳಂತೆ. 1950ರಲ್ಲಿ ಕೆಂಡಾಲ್, ರೈಕ್‌ಸ್ಟೈನ್ ಜೊತೆ ಹೆಂಚ್‌ಗೆ ನೊಬೆಲ್ ಬಂತು. ಊದಿದ ಮುಖದ ಕಥೆಯೂ ಅದರ ಬೆನ್ನಿಗೇ ಬಂತು. ಆಸ್ತಮಾಕ್ಕೋ ಕಿಡ್ನಿ ಕಾಯಿಲೆಗೋ ಡಾಕ್ಟರು ಅಳೆದು ಕೊಡುವ ಸ್ಟೆರಾಯ್ಡ್ ಪ್ರಾಣ ಉಳಿಸುತ್ತದೆ. ಈ ಲೇಖನ ಓದಿ ಅದನ್ನು ಬಿಟ್ಟವರಿದ್ದರೆ ಪಾಪ ನನಗೆ.

ಮೊದಲ ಬೆಳಗಿನ ಕಾರ್ಟಿಸಾಲ್ 2.1 ಬಂತು. ಐದಕ್ಕಿಂತ ಕೆಳಗಿದ್ದರೆ ಗ್ರಂಥಿ ಮಲಗಿದೆ, ಹತ್ತು ದಾಟಿದರೆ ಎದ್ದಿದೆ ಎಂಬುದು ಅಂದಾಜು ಲೆಕ್ಕ. ನಡುವೆ ಇದ್ದರೆ ಕಾಯುವುದು, ಇಲ್ಲವೇ ಎಸಿಟಿಎಚ್ ಸೂಜಿ ಕೊಟ್ಟು ಗ್ರಂಥಿ ಓಗೊಡುತ್ತದೆಯೇ ನೋಡುವುದು. ಆರೋಗ್ಯವಂತನ ದೇಹ ತಯಾರಿಸುವ ಕಾರ್ಟಿಸಾಲ್, ದಿನಕ್ಕೆ ನಾಲ್ಕರಿಂದ ಆರು ಮಿಲಿಗ್ರಾಂ ಪ್ರೆಡ್ನಿಸೊಲೋನ್‌ಗೆ ಸಮ. ಹಾಗಾಗಿ ಐದರ ತನಕ ಬೇಗ ಇಳಿಸಿ, ಅಲ್ಲಿಂದ ಕೆಳಗೆ ತಿಂಗಳಿಗೊಂದು ಮಿಲಿಗ್ರಾಂ. ಇಳಿಸಿದಾಗಲೆಲ್ಲ ಮೈಕೈ ನೋವು, ಮಂಕು. ಹೆಂಡತಿ ಎರಡು ಸಲ ‘ಆ ಪುಡಿಯೇ ವಾಸಿಯಿತ್ತು’ ಅಂದಳು. ಮೂರು ತಿಂಗಳಿಗೆ ಕಾರ್ಟಿಸಾಲ್ 4.8, ಆರು ತಿಂಗಳಿಗೆ 7.3. ನನಗೆ ಹಳೆಯ ಟೈಮ್‌ಟೇಬಲ್ ಹಿಡಿದು ಲೇಟ್ ಗಾಡಿ ಕಾದ ಹಾಗೇ.

ಇನ್ನೂ ಎರಡು ಮಿಲಿಗ್ರಾಂ ನುಂಗುತ್ತಿದ್ದೇನೆ. ಜ್ವರ ಬಂದರೆ ಎಷ್ಟು ಏರಿಸಬೇಕು ಎಂದು ಬರೆದುಕೊಟ್ಟಿದ್ದಾರೆ. ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ ಸೂಜಿ ಹಾಕಿಸಬೇಕು. ಅಂಗಿ ಜೇಬಿನಲ್ಲಿ ಒಂದು ಕಾರ್ಡಿದೆ: ಈ ರೋಗಿಗೆ ಸ್ಟೆರಾಯ್ಡ್ ನಿಲ್ಲಿಸಬಾರದು, ಪ್ರಜ್ಞೆ ತಪ್ಪಿದ್ದರೆ ಹೈಡ್ರೊಕಾರ್ಟಿಸೋನ್ 100. ಡಾಕ್ಟರು ಬರೆದದ್ದು ಇಂಗ್ಲಿಷಿನಲ್ಲಿ. ನಮ್ಮೂರಿನ 108ರ ಹುಡುಗರಿಗಾಗಿ ಅದರ ಕೆಳಗೆ ತೆಲುಗಿನಲ್ಲಿ ಬರೆಸಿದ್ದೇನೆ. ಹಿಂದೆ ನಾನೇ ಕನ್ನಡದಲ್ಲಿ ಬರೆದುಕೊಂಡಿದ್ದೇನೆ, ಗಾಡಿ ಗೌರಿಬಿದನೂರು ದಾಟಿದ ಮೇಲೆ ಬಿದ್ದರೆ ಬೇಕಾಗುತ್ತದೆ ಅಂತ.