ಬಣ್ಣ ಕೆಟ್ಟದ್ದೋ, ಪದ್ಧತಿ ಬೇರೆಯೋ?

ನಮ್ಮ ವಾಚನಾಲಯದ ಮೂಲೆಯಲ್ಲಿ ಹಳೆಯ ಟಿ.ವಿ.ಯೂ ವಿ.ಸಿ.ಆರ್. ಒಂದೂ ಇನ್ನೂ ಇರುವುದು ನಿತ್ಯ ಬರುವ ವಾಚಕರಿಗೆ ಗೊತ್ತು. ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ಸದಸ್ಯರೊಬ್ಬರು ಅಲ್ಲಿಗೆ ಒಂದು ಕ್ಯಾಸೆಟ್ ತಂದರು. ಅಮೆರಿಕದಲ್ಲಿ ಅವರ ಅಣ್ಣನ ಮಗುವಿನ ನಾಮಕರಣದಂದು ತಾಯಿ ಹಾಡಿದ ತೊಟ್ಟಿಲ ಹಾಡು ಅದರಲ್ಲಿದೆ. ಆ ತಾಯಿ ಈಗಿಲ್ಲ. ಅಂಗಡಿಯೊಂದರಲ್ಲಿ ತೋರಿಸಿದ್ದಕ್ಕೆ, “ಟೇಪು ಕೆಟ್ಟಿದೆ, ಎಸೆದುಬಿಡಿ” ಎಂದರಂತೆ. ನಾವೂ ಹಾಕಿ ನೋಡಿದೆವು. ಬಣ್ಣವಿಲ್ಲ, ಚಿತ್ರ ಹರಿದು ಉರುಳುತ್ತಿತ್ತು, ಹಾಡು ಗಂಡುಧ್ವನಿಯಂತೆ ದಪ್ಪಗೆ ಎಳೆಯುತ್ತಿತ್ತು.

ಇಂಥಲ್ಲಿ ಯಾವುದನ್ನೂ ಎಸೆಯುವ ಮುನ್ನ ಒಂದೊಂದನ್ನೇ ಬದಲಿಸಿ ನೋಡಬೇಕು. ಇಲ್ಲಿಯೇ ಚಿತ್ರಿಸಿದ ಬೇರೊಂದು ಕ್ಯಾಸೆಟ್ ಹಾಕಿದೆವು. ಅದು ಸ್ವಚ್ಛವಾಗಿ ಓಡಿತು. ಅಂದಮೇಲೆ ಟಿ.ವಿ., ವಿ.ಸಿ.ಆರ್., ತಂತಿ, ಮೂರೂ ನಿರ್ದೋಷಿಗಳು. ಟೇಪು ಸವೆದಿದ್ದರೆ ಅಲ್ಲಲ್ಲಿ ಬಿಳಿಗೆರೆ ಬೀಳುತ್ತದೆ, ಚಿತ್ರ ನಡುಗುತ್ತದೆ. ಆರಂಭದಿಂದ ಕೊನೆಯವರೆಗೆ ಧ್ವನಿ ಒಂದೇ ಸಮನೆ ಎಳೆಯುವುದಿಲ್ಲ. ದೋಷದ ಸುಳಿವು ಸಿಕ್ಕಿದ್ದು ಈ ಧ್ವನಿಯಿಂದಲೇ.

ಮುಂಬಯಿಯಲ್ಲಿ 1972ರ ಅಕ್ಟೋಬರ್ 2ರಂದು ದೂರದರ್ಶನ ಆರಂಭವಾದಾಗ ಚಿತ್ರ ಕಪ್ಪು-ಬಿಳುಪು. ಬಣ್ಣ ಬಂದದ್ದು 1982ರಲ್ಲಿ. ನಮ್ಮದು ಪಾಲ್ ಪದ್ಧತಿ: ಚಿತ್ರವೊಂದಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಆಗ ಅಮೆರಿಕದಲ್ಲಿದ್ದುದು ಎನ್.ಟಿ.ಎಸ್.ಸಿ.: 525 ಗೆರೆ, ಸುಮಾರು 30 ಚಿತ್ರ. ಅಲ್ಲಿಯ ವಿ.ಎಚ್.ಎಸ್. ಟೇಪು ಸೆಕೆಂಡಿಗೆ ಸುಮಾರು 33 ಮಿ.ಮೀ. ಓಡಿದರೆ ನಮ್ಮದು ಸುಮಾರು 23. ಬಣ್ಣವನ್ನು ಸಂಕೇತವಾಗಿಸುವ ರೀತಿಯೂ ಬೇರೆ. ಪಾಲ್ ಒಂದನ್ನೇ ಬಲ್ಲ ಯಂತ್ರಕ್ಕೆ ಆ ಬಣ್ಣದ ಭಾಷೆ ತಿಳಿಯದು. ದುಬೈಯಿಂದ ಬಂದ ಕ್ಯಾಸೆಟ್ಟುಗಳಿಗೆ ಈ ತೊಡಕಿರಲಿಲ್ಲ, ಅಲ್ಲಿಯದೂ ಪಾಲ್.

ಬೊರಿವಲಿಯ ಸದಸ್ಯರೊಬ್ಬರ ಮನೆಯಲ್ಲಿ ಎರಡೂ ಪದ್ಧತಿ ಬಲ್ಲ ವಿ.ಸಿ.ಆರ್. ಮತ್ತು ಟಿ.ವಿ. ಇದ್ದವು. ಅಲ್ಲಿ ತಾಯಿಯ ಧ್ವನಿ ಧ್ವನಿಯಾಗಿಯೇ ಬಂತು, ಬಣ್ಣವೂ ಬಂತು. ಆದರೆ ಮುಖ ಹಸಿರು ಛಾಯೆ, ಸೀರೆ ಹಳದಿ. ಜೊತೆಗೆ ಬಂದಿದ್ದ ಚಿಕ್ಕಮ್ಮ ಒಪ್ಪಲಿಲ್ಲ. “ಹಳದಿ ಅಲ್ಲ ಮಗಾ, ಅಬ್ಬಲಿಗೆ ಹೂವಿನ ಬಣ್ಣದ್ದು. ಉಡುಪಿಯಲ್ಲಿ ನಾನೇ ಆರಿಸಿ ಕೊಟ್ಟದ್ದು” ಎಂದರು. ಎನ್.ಟಿ.ಎಸ್.ಸಿ.ಯಲ್ಲಿ ವರ್ಣಛಾಯೆ ಜಾರುವುದು ಹಳೆಯ ದೂರು. ಅದಕ್ಕೆಂದೇ ‘ಟಿಂಟ್’ ಎಂಬ ಹೊಂದಾಣಿಕೆ ಇರುತ್ತದೆ. ಪಾಲ್ ಚಿತ್ರ ಬರುವಾಗ ಅನೇಕ ಟಿ.ವಿ.ಗಳಲ್ಲಿ ಅದು ಕೆಲಸಮಾಡದಿರುವುದರಿಂದ ನಮ್ಮವರಿಗೆ ಅದರ ಪರಿಚಯ ಕಡಿಮೆ. ಅದನ್ನು ಮೆಲ್ಲನೆ ತಿರುಗಿಸುತ್ತ ಹೋದೆವು. ಚಿಕ್ಕಮ್ಮ “ಸಾಕು, ಇದೇ” ಎಂದಲ್ಲಿಗೆ ನಿಲ್ಲಿಸಿದೆವು. ಮುಖದ ಬಣ್ಣವೂ ಸರಿಹೋಗಿತ್ತು.

ಬಣ್ಣದ ದೂರುಗಳೆಲ್ಲ ಈ ಜಾತಿಯವಲ್ಲ. ಹಳೆಯ ಗಾಜಿನ ಕೊಳವೆಯ ಟಿ.ವಿ.ಯ ಒಂದು ಮೂಲೆ ಮಾತ್ರ ನೇರಳೆಯೋ ಹಸಿರೋ ಆದರೆ, ಪಕ್ಕದಲ್ಲಿ ಸ್ಪೀಕರು ಇದೆಯೇ ನೋಡಿರಿ; ಅದರ ಅಯಸ್ಕಾಂತದ ಕೆಲಸವಿರಬಹುದು. ಅದನ್ನು ದೂರವಿಟ್ಟು, ಟಿ.ವಿ.ಯನ್ನು ಅರ್ಧ ಗಂಟೆ ಆರಿಸಿ ಮತ್ತೆ ಹಚ್ಚಿದರೆ ಒಳಗಿನ ಸುರುಳಿಯೇ ಕಲೆಯನ್ನು ಬಹುಮಟ್ಟಿಗೆ ಅಳಿಸುತ್ತದೆ. ಹಿಂಬದಿಯ ಮುಚ್ಚಳ ಮಾತ್ರ ತೆಗೆಯಬೇಡಿರಿ. ಬಣ್ಣದ ಕೊಳವೆಯಲ್ಲಿ 20,000 ವೋಲ್ಟಿಗೂ ಮೀರಿದ ವಿದ್ಯುತ್ತು ಇರುತ್ತದೆ, ಆರಿಸಿದ ಮೇಲೂ ಉಳಿದಿರಬಹುದು. ಇನ್ನು ಸಭಾಗೃಹದ ಪ್ರೊಜೆಕ್ಟರಿನಲ್ಲಿ ಎಲ್ಲರ ಮುಖವೂ ನೀಲಿಹಸಿರಾದರೆ, 15 ಕಡ್ಡಿಗಳ ಹಳೆಯ ವಿ.ಜಿ.ಎ. ತಂತಿಯಲ್ಲಿ ಕೆಂಪಿನ ಕಡ್ಡಿ ಬಗ್ಗಿರಬಹುದು. ಮೊದಲು ತಂತಿಯನ್ನೇ ಬದಲಿಸಿ ನೋಡುವುದು ಲೇಸು.

ಆ ಹಾಡನ್ನು ಈಗ ಕಂಪ್ಯೂಟರಿಗೆ ಇಳಿಸಿಯಾಗಿದೆ. ಮನೆಯಲ್ಲಿ ಇಂಥ ಕ್ಯಾಸೆಟ್ ಉಳ್ಳವರು ತಡಮಾಡಬಾರದು. ಜಪಾನಿನ ಫುನಾಯ್ ಕಂಪನಿ 2016ರ ಜುಲೈಯಲ್ಲಿ ವಿ.ಸಿ.ಆರ್. ತಯಾರಿಕೆ ನಿಲ್ಲಿಸಿತು, ಈಗ ಇರುವ ಯಂತ್ರಗಳೇ ಗತಿ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಟೇಪಿನ ಅಂಚಿಗೆ ಬಿಳಿಯ ಪುಡಿ ಕಂಡರೆ ಅದು ನಮ್ಮ ಮಳೆಗಾಲ ತಂದ ಬೂಷ್ಟು. ಅಂಥದನ್ನು ಶುಚಿಮಾಡಿಸದೆ ಯಂತ್ರಕ್ಕೆ ಹಾಕಬೇಡಿರಿ. ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಹತ್ತೀತು.