ಬಾಳೆಲೆಯಲ್ಲಿ ಸುತ್ತಿದ ಸುಶಿ

ಕಾಲೇಜು ಫೆಸ್ಟ್‌ಗೆ ಎರಡೇ ದಿನ ಬಾಕಿ. ನಾಲ್ವರು ಗೆಳೆಯರು ತಲಾ 500 ರೂಪಾಯಿ ಹಾಕಿ ಸ್ಟಾಲ್ ಹಿಡಿದಿದ್ದೆವು. ‘ಪಾನಿಪೂರಿ, ಚುರುಮುರಿ ಎಲ್ಲರೂ ಮಾಡ್ತಾರೆ. ನಾವು ಹಣ್ಣಿನ ಸುಶಿ ಮಾಡೋಣ’ ಎಂದು ಜಂಭ ಕೊಚ್ಚಿದವನು ನಾನೇ. ಅನ್ನದ ಮಧ್ಯೆ ಹಣ್ಣಿಟ್ಟು ಸುತ್ತಿ ಕತ್ತರಿಸಿದರಾಯಿತು, ಅದರಲ್ಲೇನಿದೆ ಎಂದುಕೊಂಡಿದ್ದೆ.

ಬಿನ್ನಿಪೇಟೆಯ ನಮ್ಮ ಮನೆಯಲ್ಲಿ ಸೋನಾ ಮಸೂರಿ ಅನ್ನ ಮಾಡಿ ಸುತ್ತಿದೆ. ಚಾಕು ಇಟ್ಟ ಕೂಡಲೇ ಅನ್ನ ಒಂದು ಕಡೆ, ಮಾವು ಒಂದು ಕಡೆ! ಜಪಾನಿನ ಗಿಡ್ಡ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ, ಹಾಗಾಗಿ ಅಂಟುತ್ತದೆ. ನಮ್ಮ ಅಕ್ಕಿಯಲ್ಲಿ ಅದು ಹೆಚ್ಚು, ಉದುರುತ್ತದೆ. ಕಾರಣವೇನೋ ತಿಳಿಯಿತು. ಆದರೆ ಆ ಅಕ್ಕಿ ಕೊಳ್ಳಲು ದುಡ್ಡು ಉಳಿದಿರಲಿಲ್ಲ.

ಬಾಗಿಲಲ್ಲಿ ಕೂತಿದ್ದ ಅಜ್ಜಿ ನಕ್ಕರು. ‘ಬಿಸಿ ಇರೋವಾಗ್ಲೇ ಹಿಸುಕದೆ, ಆರಿದ ಮೇಲೆ ಒತ್ತಿದ್ರೆ ಅಂಟುತ್ತೇನೋ?’ ತಾತ ಬಿನ್ನಿ ಮಿಲ್ಲಿಗೆ ಡಬ್ಬಿ ಒಯ್ಯುತ್ತಿದ್ದ ಕಾಲದಿಂದ ಮೊಸರನ್ನ ಕಲಸಿದ ಕೈ ಅದು. ‘ಸುಶಿ ಅಂದ್ರೆ ಹಸಿ ಮೀನಲ್ಲ ಅಜ್ಜಿ, ವಿನೆಗರ್ ಬೆರೆಸಿದ ಹುಳಿ ಅನ್ನ’ ಎಂದೆ. ‘ಮೊಸರನ್ನಕ್ಕೆ ದಾಳಿಂಬೆ, ದ್ರಾಕ್ಷಿ ಹಾಕಲ್ವಾ? ಅದೂ ಹುಳಿ ಅನ್ನವೇ ಬಿಡು’ ಎಂದರು.

ಒಂದು ಲೋಟ ಅಕ್ಕಿಗೆ ಮೂರು ಲೋಟ ನೀರು, ಎರಡು ಸೀಟಿ ಹೆಚ್ಚು. ಬಿಸಿಯಲ್ಲೇ ಹಿಸುಕಿ ಗಟ್ಟಿ ತೆಂಗಿನ ಹಾಲು, ಸಕ್ಕರೆ, ಚಿಟಿಕೆ ಉಪ್ಪು ಬೆರೆಸಿ ಒದ್ದೆ ಬಟ್ಟೆ ಮುಚ್ಚಿದೆವು. ಬಾಳೆಲೆಯನ್ನು ಉರಿಯ ಮೇಲೆ ಬಾಡಿಸಿದರೆ ಹರಿಯದೆ ಬಾಗುತ್ತದೆ. ಅದರ ಮೇಲೆ ಅನ್ನ ಹರಡಿ, ಹಣ್ಣಿಟ್ಟು, ಬಿಗಿಯಾಗಿ ಸುತ್ತಿ ಅರ್ಧ ಗಂಟೆ ಫ್ರಿಜ್‌ನಲ್ಲಿಟ್ಟೆವು. ಒದ್ದೆ ಚಾಕುವಿನಲ್ಲಿ ಕತ್ತರಿಸಿ, ಎಲೆ ಬಿಡಿಸಿ, ಕಾಯಿತುರಿಯಲ್ಲಿ ಹೊರಳಿಸಿದರೆ ಮುಗಿಯಿತು. ನೆಂಚಿಕೊಳ್ಳಲು ಏಲಕ್ಕಿ ಹಾಕಿದ ಬೆಲ್ಲದ ಪಾಕ.

ಉಳಿದದ್ದು ಹಣ್ಣಿನ ಆಯ್ಕೆ. ಇಲ್ಲಿ ನಾನೊಂದು ವಿಷಯ ಒಪ್ಪಿಕೊಳ್ಳಬೇಕು. ಅಪ್ಪ ತಳ್ಳುಗಾಡಿಯಲ್ಲಿ ಹಣ್ಣು ಮಾರುತ್ತಾರೆ. ಗೆಳೆಯರಿಗೆ ನಾನು ಹೇಳಿದ್ದು ‘ಬಿಸಿನೆಸ್’ ಎಂದಷ್ಟೇ. ಅಂದು ಸಂಜೆ ಅವರು ಕಲಿಯಲು ಮನೆಗೆ ಬಂದಾಗ ಅಪ್ಪ ಗಾಡಿ ನಿಲ್ಲಿಸುತ್ತಿದ್ದರು. ನನ್ನ ಮುಖ ಬಿಸಿಯಾಯಿತು.

ಅಪ್ಪ ಮಾತ್ರ ಆರಾಮವಾಗಿ ಪಾಠ ಶುರು ಮಾಡಿದರು. ‘ಕಲ್ಲಂಗಡಿ ಬೇಡ್ರಪ್ಪಾ, ನೀರು ಬಿಡುತ್ತೆ. ರಸಪುರಿ ಜ್ಯೂಸಿಗೆ ಸರಿ. ಬಾದಾಮಿ ತಗೊಳ್ಳಿ, ಪೂರ್ತಿ ಹಣ್ಣಾಗೋಕೆ ಒಂದು ದಿನ ಮುಂಚೆ. ಬಾಳೆಹಣ್ಣಿಗೆ ನಿಂಬೆರಸ ಸವರಿ, ಕಪ್ಪಾಗಲ್ಲ.’ ಗೆಳೆಯನೊಬ್ಬ ಮೊಬೈಲ್‌ನಲ್ಲಿ ಎಲ್ಲ ಬರೆದುಕೊಂಡ. ಮರುದಿನ ನಸುಕಿನಲ್ಲಿ ನಾಲ್ವರೂ ಅಪ್ಪನ ಹಿಂದೆ ಕೆ.ಆರ್. ಮಾರ್ಕೆಟ್‌ಗೆ ಹೋದೆವು.

ಮೇ ತಿಂಗಳ ಬಿಸಿಲಿಗೆ ತೆಂಗಿನ ಹಾಲು ಬೇಗ ಕೆಡುತ್ತದೆ. ಹಾಗಾಗಿ ರೋಲ್‌ಗಳನ್ನು ಐಸ್ ಡಬ್ಬಿಯಲ್ಲಿಟ್ಟು, ಕೇಳಿದಂತೆ ಕತ್ತರಿಸಿ ಕೊಟ್ಟೆವು. ಮಧ್ಯಾಹ್ನದೊಳಗೆ ಎಲ್ಲ ಖಾಲಿ. ಹಾಕಿದ ದುಡ್ಡು ಬಂತು, ಒಂದಿಷ್ಟು ಲಾಭವೂ ಆಯಿತು. ‘ಅಂಕಲ್‌ಗೆ ಮೊದಲು ಕೊಡೋ’ ಎಂದು ಗೆಳೆಯರು ಎರಡು ರೋಲ್ ತೆಗೆದಿಟ್ಟಿದ್ದರು.

ಕಳೆದ ವಾರ ಪ್ಲೇಸ್‌ಮೆಂಟ್ ಅರ್ಜಿ ತುಂಬಿಸಿದೆ. ತಂದೆಯ ಉದ್ಯೋಗ ಎಂಬ ಜಾಗದಲ್ಲಿ ಈ ಸಲ ‘ಬಿಸಿನೆಸ್’ ಎಂದು ಬರೆಯಲಿಲ್ಲ. ‘ಹಣ್ಣಿನ ವ್ಯಾಪಾರ’ ಎಂದು ಬರೆದೆ.