ಸಸ್ಯನಾಮಗಳಲ್ಲಿ ಲ್ಯಾಟಿನ್ ಸಮಾಸ

ಅಗಸೆ ಮರಕ್ಕೆ ಸಸ್ಯಶಾಸ್ತ್ರದಲ್ಲಿ ‘ಸೆಸ್ಬೇನಿಯ ಗ್ರಾಂಡಿಫ್ಲೋರ’ ಎಂದು ಹೆಸರು. ಜಾಜಿ ಮಲ್ಲಿಗೆಗೆ ‘ಜಾಸ್ಮಿನಮ್ ಗ್ರಾಂಡಿಫ್ಲೋರಮ್’ ಎಂದು. ಎರಡನೆಯ ಪದದ ಅರ್ಥ ಎರಡು ಕಡೆಗಳಲ್ಲಿಯೂ ಒಂದೇ. ಹಾಗಿದ್ದ ಮೇಲೆ ಅಂತ್ಯವು ಭಿನ್ನವಾದುದೇಕೆ? ಇದನ್ನು ಅಚ್ಚಿನ ದೋಷವೆಂದು ಬಗೆದು ತಿದ್ದಹೊರಟರೆ ಹೆಸರೇ ಕೆಟ್ಟೀತು.

ಇದು ಲ್ಯಾಟಿನ್ ಭಾಷೆಯ ಸಮಾಸ. ‘ಗ್ರಾಂಡಿಸ್’ ಎಂದರೆ ದೊಡ್ಡದು. ‘ಫ್ಲೋಸ್’ ಎಂದರೆ ಹೂವು. ಸಮಾಸದ ಅರ್ಥ ‘ದೊಡ್ಡ ಹೂವು’ ಎಂದಲ್ಲ. ದೊಡ್ಡ ಹೂವು ಯಾವುದಕ್ಕೆ ಉಂಟೋ ಅದು ಎಂದು. ನಮ್ಮ ‘ಮುಕ್ಕಣ್ಣ’ನಂತೆ ಇದೂ ಬಹುವ್ರೀಹಿಯೇ. ಪೂರ್ವಪದದ ಷಷ್ಠೀ ರೂಪದಿಂದ ಪ್ರತ್ಯಯವನ್ನು ಕಳೆದರೆ ಪ್ರಕೃತಿ ದೊರೆಯುತ್ತದೆ. ಅದಕ್ಕೆ ಸಾಮಾನ್ಯವಾಗಿ ‘ಇ’ಕಾರವನ್ನು ಸೇರಿಸಿ, ಉತ್ತರಪದದ ಪ್ರಕೃತಿಯನ್ನು ಜೋಡಿಸಿ, ಕೊನೆಗೆ ಲಿಂಗಪ್ರತ್ಯಯವನ್ನು ಹಚ್ಚಬೇಕು. ಹೃದಯವಾಚಕವಾದ ‘ಕೋರ್’ ಶಬ್ದದ ಷಷ್ಠಿ ‘ಕೋರ್ಡಿಸ್’. ಆದುದರಿಂದ ‘ಕೋರ್ಡಿಫೋಲಿಯ’ ಎಂದರೆ ಹೃದಯಾಕಾರದ ಎಲೆಯುಳ್ಳುದು. ಉತ್ತರಪದವು ಧಾತುವೂ ಆಗಬಹುದು. ‘ಫೆರ್’ ಎಂಬುದು ‘ಹೊರು’ ಎಂಬರ್ಥದ ಧಾತು, ಸಂಸ್ಕೃತದ ‘ಭೃ’ ಧಾತುವಿನ ಬಂಧು. ನುಗ್ಗೆಯು ‘ಓಲಿಯಿಫೆರ’, ಎಣ್ಣೆಯನ್ನು ಹೊತ್ತುದು. ತೆಂಗು ‘ನ್ಯೂಸಿಫೆರ’, ಕಾಯಿಯನ್ನು ಹೊತ್ತುದು.

ವಿಶೇಷಣವು ವಿಶೇಷ್ಯದ ಲಿಂಗವನ್ನು ಅನುಸರಿಸಬೇಕೆಂಬ ನಿಯಮ ಸಂಸ್ಕೃತದಲ್ಲಿರುವಂತೆ ಲ್ಯಾಟಿನ್‌ನಲ್ಲಿಯೂ ಉಂಟು. ಈ ದೃಷ್ಟಿಯಿಂದ ಸಮಾಸಗಳಲ್ಲಿ ಮೂರು ಬಗೆ. ಮೊದಲನೆಯದಕ್ಕೆ ಮೂರು ಲಿಂಗಗಳಲ್ಲಿ ಮೂರು ರೂಪ: ‘ಹೈಬಿಸ್ಕಸ್’ ಪುಲ್ಲಿಂಗವಾದುದರಿಂದ ‘ಗ್ರಾಂಡಿಫ್ಲೋರಸ್’, ‘ಸೆಸ್ಬೇನಿಯ’ ಸ್ತ್ರೀಲಿಂಗವಾದುದರಿಂದ ‘ಗ್ರಾಂಡಿಫ್ಲೋರ’, ‘ಜಾಸ್ಮಿನಮ್’ ನಪುಂಸಕವಾದುದರಿಂದ ‘ಗ್ರಾಂಡಿಫ್ಲೋರಮ್’. ‘ಫೆರ್’ ಅಂತ್ಯದ ಸಮಾಸವೂ ಇದೇ ವರ್ಗದ್ದು. ಆದರೆ ಪುಲ್ಲಿಂಗದಲ್ಲಿ ಅದಕ್ಕೆ ‘ಅಸ್’ ಹತ್ತುವುದಿಲ್ಲ. ಎರಡನೆಯ ಬಗೆಗೆ ಎರಡೇ ರೂಪ. 1758ರಲ್ಲಿ ಲಿನೇಯಸ್ ನಮ್ಮ ಘೇಂಡಾಮೃಗಕ್ಕೆ ಕೊಟ್ಟ ‘ಯೂನಿಕಾರ್ನಿಸ್’, ಎಂದರೆ ಒಂದೇ ಕೊಂಬುಳ್ಳುದು, ಪುಲ್ಲಿಂಗ ಸ್ತ್ರೀಲಿಂಗಗಳೆರಡಕ್ಕೂ ಸಲ್ಲುತ್ತದೆ; ನಪುಂಸಕದಲ್ಲಿ ಮಾತ್ರ ‘ಯೂನಿಕಾರ್ನೆ’. ಮೂರನೆಯದಕ್ಕೆ ಪ್ರಥಮಾ ಏಕವಚನದಲ್ಲಿ ಒಂದೇ ರೂಪ: ಜೋಳದ ಹೆಸರಾದ ‘ಸೋರ್ಗಮ್ ಬೈಕಲರ್’ ನೋಡಿರಿ. ‘ಇಬ್ಬಣ್ಣದ್ದು’ ಎಂಬ ಈ ಪದ ಯಾವ ಲಿಂಗದಲ್ಲಿಯೂ ಬದಲಾಗದು.

ಇಲ್ಲಿ ಎಡವುವ ಸ್ಥಳವೊಂದುಂಟು. ‘ಪೈನಸ್’ ಎಂಬುದು ‘ಅಸ್’ ಎಂದು ಮುಗಿದರೂ ಸ್ತ್ರೀಲಿಂಗ. ಲ್ಯಾಟಿನ್‌ನಲ್ಲಿ ಮರಗಳ ಹೆಸರುಗಳು ಬಹುಮಟ್ಟಿಗೆ ಹಾಗೆಯೇ. ಆದುದರಿಂದ ಜಪಾನಿನ ಕೆಂಪು ಪೈನ್ ಮರವು ‘ಪೈನಸ್ ಡೆನ್ಸಿಫ್ಲೋರ’ ಎನಿಸಿತೇ ಹೊರತು ‘ಡೆನ್ಸಿಫ್ಲೋರಸ್’ ಎನಿಸಲಿಲ್ಲ.

ಈ ವ್ಯಾಕರಣವು ವಿಜ್ಞಾನಿಗೆ ನಿಜವಾಗಿ ಬೇಕಾಗುವುದು ಸಸ್ಯವೊಂದು ಕುಲವನ್ನು ಬದಲಿಸಿದಾಗ. ನಮ್ಮ ಅಮೃತಬಳ್ಳಿಯನ್ನು ವಿಲ್ಡೆನೋ ಎಂಬ ಜರ್ಮನ್ ಸಸ್ಯಶಾಸ್ತ್ರಜ್ಞನು ‘ಮೆನಿಸ್ಪರ್ಮಮ್ ಕೋರ್ಡಿಫೋಲಿಯಮ್’ ಎಂದು ಕರೆದಿದ್ದನು. ಮುಂದೆ ಅದನ್ನು ‘ಟಿನೋಸ್ಪೋರ’ ಕುಲಕ್ಕೆ ಸೇರಿಸಿದರು. ಆ ಹೆಸರು ಸ್ತ್ರೀಲಿಂಗವಾದುದರಿಂದ ವಿಶೇಷಣವು ‘ಕೋರ್ಡಿಫೋಲಿಯ’ ಆಯಿತು. ಅಂತ್ಯವು ಲಿಂಗಕ್ಕೆ ಒಪ್ಪದಿದ್ದರೆ ತಿದ್ದಲೇಬೇಕೆಂದು ಸಸ್ಯನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿಯು ವಿಧಿಸುತ್ತದೆ. ಇದನ್ನರಿಯದವನು ಹಳೆಯ ಗ್ರಂಥದಲ್ಲೊಂದು, ಹೊಸ ಗ್ರಂಥದಲ್ಲೊಂದು ಹೆಸರನ್ನು ಕಂಡು ಎರಡು ಬಳ್ಳಿಗಳೆಂದು ಭ್ರಮಿಸಬಹುದು. ಅರಿತವನು ಅವೆರಡರಲ್ಲಿಯೂ ಅದೇ ಹೃದಯಾಕಾರದ ಎಲೆಯನ್ನು ಗುರುತಿಸುತ್ತಾನೆ.